ಒಡಲೊಳಗಿನ ಕಾವಲುಗಾರರು

ಮುಂಜಾನೆ ಎದ್ದು ಹಲ್ಲುಜ್ಜುವಾಗ ಕೆಲವರ ಬಾಯಲ್ಲಿ ರಕ್ತ ಕಾಣಿಸಿಕೊಳ್ಳುವುದುಂಟು. ವಸಡು ಕೆಂಪೇರಿ ಊದಿಕೊಂಡಿರುತ್ತದೆ, ಒತ್ತಿದರೆ ನೋಯುತ್ತದೆ, ರೋಗ ಬಲಿತಾಗ ಹಲ್ಲಿನ ಬುಡದಿಂದ ಕೀವು ಒಸರುತ್ತದೆ. ಇದೊಂದು ಸಣ್ಣ ಬಾಧೆಯೆಂದು ಬಹುಮಂದಿ ಅಲಕ್ಷಿಸುತ್ತಾರೆ. ಆದರೆ ಹಲ್ಲಿಗೂ ವಸಡಿಗೂ ನಡುವೆ ಇರುವ ಆ ಕಿರಿದಾದ ಎಡೆಯಲ್ಲಿ ಹಗಲಿರುಳೆನ್ನದೆ ಒಂದು ಕಾಳಗ ನಡೆಯುತ್ತಿರುತ್ತದೆ. ಒಂದು ಕಡೆ ಬಾಯಿಯಲ್ಲಿ ಮನೆಮಾಡಿಕೊಂಡಿರುವ ನೂರಾರು ಬಗೆಯ ಸೂಕ್ಷ್ಮಜೀವಿಗಳು. ಇನ್ನೊಂದು ಕಡೆ ರಕ್ತನಾಳಗಳಿಂದ ಹೊರಟು ಬಂದ ಬಿಳಿಯ ಕಣಗಳು. ನಾವು ಕಂಡು ಹೇಸಿಕೊಳ್ಳುವ ಕೀವಿನ ಬಹುಪಾಲು ಆ ಕಾಳಗದಲ್ಲಿ ಮಡಿದ ಬಿಳಿಯ ಕಣಗಳ ರಾಶಿಯೇ ಆಗಿದೆ.

ಈ ಬಿಳಿಯ ಕಣಗಳು ನಮ್ಮ ಒಡಲಿನ ಕಾವಲುಗಾರರೆಂಬ ಸಂಗತಿ ಇಂದು ಶಾಲೆಯ ಮಕ್ಕಳಿಗೂ ತಿಳಿದಿದೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಹೆಸರಾಂತ ವೈದ್ಯರೂ ಇದನ್ನು ಅರಿತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಕಂಡು, ಕಂಡದ್ದನ್ನು ಲೋಕ ಒಪ್ಪುವಂತೆ ಮಾಡಲು ಇಪ್ಪತ್ತೈದು ವರ್ಷಗಳ ಕಾಲ ಹೋರಾಡಿದವನು ವೈದ್ಯನಲ್ಲ. ಸಮುದ್ರದ ಸಣ್ಣ ಜೀವಿಗಳನ್ನು ಅಭ್ಯಸಿಸುತ್ತಿದ್ದ ಒಬ್ಬ ಪ್ರಾಣಿಶಾಸ್ತ್ರಜ್ಞ. ಅವನೇ ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫನು 1845ರ ಮೇ ತಿಂಗಳಿನಲ್ಲಿ ಖಾರ್ಕೊವ್ ನಗರದ ಬಳಿಯ ಒಂದು ಹಳ್ಳಿಯಲ್ಲಿ ಜನಿಸಿದನು. ಆ ಪ್ರದೇಶ ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಉಕ್ರೇನ್ ದೇಶದಲ್ಲಿದೆ. ತಂದೆ ಚಕ್ರವರ್ತಿಯ ಸೇನೆಯಲ್ಲಿ ಅಧಿಕಾರಿಯಾಗಿದ್ದವನು. ಐವರು ಮಕ್ಕಳಲ್ಲಿ ಇಲ್ಯಾ ಕಡೆಯವನು. ಒಂದೆಡೆ ನಿಲ್ಲದ, ಪಾದರಸದಂತಹ ಹುಡುಗ. ಅಣ್ಣನಿಗೆ ಪಾಠ ಹೇಳಲು ಮನೆಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನ ಜೊತೆಯಲ್ಲಿ ಹೊಲತೋಪುಗಳನ್ನು ಸುತ್ತಿ, ಗಿಡಗಳನ್ನೂ ಕೀಟಗಳನ್ನೂ ಕೂಡಿಹಾಕುವುದೆಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ತಾನು ಕಲಿತದ್ದನ್ನು ಒಡನಾಡಿಗಳಿಗೆ ಉಪನ್ಯಾಸ ಮಾಡಿ ಹೇಳುತ್ತಿದ್ದನಂತೆ. ಅವರು ಎದ್ದು ಹೋಗದಿರಲೆಂದು ತನ್ನ ಕೈಕಾಸನ್ನೇ ಅವರಿಗೆ ಕೊಡುತ್ತಿದ್ದನಂತೆ. ವೈದ್ಯನಾಗಬೇಕೆಂಬ ಬಯಕೆ ಮೂಡಿದಾಗ, ಪರರ ನೋವನ್ನು ಕಂಡು ತಾಳಲಾರದಷ್ಟು ಮೃದುವಾದ ಮನಸ್ಸು ಅವನದೆಂದು ಬಲ್ಲ ತಾಯಿ ಅದನ್ನು ತಡೆದಳು. ಹೀಗೆ ವೈದ್ಯಶಾಸ್ತ್ರಕ್ಕೆ ಹೊಸ ದಾರಿ ತೋರಿದವನು ವೈದ್ಯ ಪದವಿಯಿಲ್ಲದೆಯೇ ಉಳಿದನು.

ಶಾಲೆಯಲ್ಲಿ ಚಿನ್ನದ ಪದಕ ಪಡೆದ ಮೆಚ್ನಿಕಾಫನು ಖಾರ್ಕೊವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 1864ರಲ್ಲಿ ಪದವೀಧರನಾದನು. ಅಲ್ಲಿಂದ ಜರ್ಮನಿಗೂ ಇಟಲಿಗೂ ಹೋಗಿ ಸಂಶೋಧನೆಯಲ್ಲಿ ತೊಡಗಿದನು. 1865ರಲ್ಲಿ ಒಂದು ಬಗೆಯ ಚಪ್ಪಟೆ ಹುಳುವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ ಒಂದು ವಿಶೇಷ ಅವನ ಕಣ್ಣಿಗೆ ಬಿದ್ದಿತು. ಆ ಹುಳುವಿನ ಜೀವಕೋಶಗಳು ಆಹಾರದ ಕಣಗಳನ್ನು ತಮ್ಮೊಳಗೇ ಸೆಳೆದುಕೊಂಡು ಅಲ್ಲಿಯೇ ಜೀರ್ಣಿಸಿಕೊಳ್ಳುತ್ತಿದ್ದವು. ಇದರಿಂದ ಏನಾದೀತೆಂದು ಆಗ ಅವನೂ ಯೋಚಿಸಲಿಲ್ಲ. ಆದರೆ ಒಳ್ಳೆಯ ಬೀಜ ಮಣ್ಣಿನಲ್ಲಿ ಬಿದ್ದು ಮಳೆಗಾಗಿ ಕಾಯುವಂತೆ, ಆ ನೋಟ ಹದಿನೇಳು ವರ್ಷಗಳ ಕಾಲ ಅವನ ಮನಸ್ಸಿನಲ್ಲಿ ಕಾದುಕೊಂಡಿತ್ತು.

1869ರಲ್ಲಿ ಅವನು ಲುದ್ಮಿಲಾ ಎಂಬ ತರುಣಿಯನ್ನು ಮದುವೆಯಾದನು. ಆಕೆ ಕ್ಷಯರೋಗದಿಂದ ಬಳಲುತ್ತಿದ್ದಳು. ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಹೊತ್ತೊಯ್ಯಬೇಕಾಯಿತು. ಕ್ಷಯಕ್ಕೆ ಮದ್ದಿಲ್ಲದ ಕಾಲವದು. ಬೆಚ್ಚನೆಯ ಹವೆಯಾದರೂ ಆಕೆಯನ್ನು ಉಳಿಸೀತೆಂಬ ಆಸೆಯಿಂದ ಗಂಡನು ಆಕೆಯನ್ನು ಊರಿಂದೂರಿಗೆ ಕರೆದೊಯ್ದನು. ಚಿಕಿತ್ಸೆಯ ವೆಚ್ಚಕ್ಕಾಗಿ ಮಿತಿಮೀರಿ ದುಡಿದು ತನ್ನ ಕಣ್ಣುಗಳನ್ನು ಕೆಡಿಸಿಕೊಂಡನು. 1873ರಲ್ಲಿ ಮಡೀರಾ ದ್ವೀಪದಲ್ಲಿ ಲುದ್ಮಿಲಾ ಕಣ್ಮುಚ್ಚಿದಳು. ಮಡದಿಯಿಲ್ಲ, ಕಣ್ಣಿಗೆ ಬಲವಿಲ್ಲ, ಮುಂದಿನ ದಾರಿ ಕಾಣದು. ಮೆಚ್ನಿಕಾಫನಿಗೆ ಬದುಕೇ ಬೇಡವೆನಿಸಿತು. ಸಾವಿನ ಬಾಗಿಲವರೆಗೆ ಹೋಗಿ ಅವನು ಹಿಂದಿರುಗಿದನು. ಆ ದಿನಗಳ ಒಂದು ಇರುಳು ದೀಪದ ಸುತ್ತ ಹಾರಾಡುತ್ತಿದ್ದ ಕೀಟಗಳ ಮೇಲೆ ಅವನ ದೃಷ್ಟಿ ನೆಟ್ಟಿತು. ಕೆಲವೇ ಗಂಟೆಗಳ ಆಯುಸ್ಸಿನ ಈ ಜೀವಿಗಳಿಗೆ ಡಾರ್ವಿನ್ನನ ನಿಸರ್ಗದ ಆಯ್ಕೆಯ ತತ್ತ್ವ ಹೇಗೆ ಅನ್ವಯಿಸುತ್ತದೆಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದಿತು. ಒಂದು ಪ್ರಶ್ನೆ ಎದ್ದೊಡನೆ ಮನಸ್ಸು ಮರಳಿ ಕೆಲಸದತ್ತ ಹೊರಳಿತು. ದುಃಖವನ್ನು ಯಾರ ಸಾಂತ್ವನವೂ ಕರಗಿಸದಿದ್ದಾಗ ತಿಳಿಯಬೇಕೆಂಬ ಕುತೂಹಲವು ಅವನ ಕೈಹಿಡಿದು ಬದುಕಿಗೆ ಕರೆತಂದಿತು.

ಒಡೆಸ್ಸಾ ನಗರದ ವಿಶ್ವವಿದ್ಯಾನಿಲಯದಲ್ಲಿ ಅವನು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. 1875ರಲ್ಲಿ ಓಲ್ಗಾ ಎಂಬವಳನ್ನು ವಿವಾಹವಾದನು. ಚಿತ್ರಕಲೆಯಲ್ಲಿಯೂ ವಿಜ್ಞಾನದಲ್ಲಿಯೂ ಆಸಕ್ತಿಯಿದ್ದ ಆಕೆ ಕೊನೆಯವರೆಗೂ ಅವನ ಒಡನಾಡಿಯಾಗಿ, ಪ್ರಯೋಗಗಳಿಗೆ ನೆರವಾಗಿ, ಅವನ ಮರಣಾನಂತರ ಅವನ ಜೀವನಚರಿತ್ರೆಯನ್ನೂ ಬರೆದಳು. ಆದರೆ ನೆಮ್ಮದಿ ಅವನಿಗೆ ಸುಲಭವಾಗಿ ಒಲಿಯಲಿಲ್ಲ. 1880ರಲ್ಲಿ ಓಲ್ಗಾ ವಿಷಮಶೀತಜ್ವರದಿಂದ ಸಾವಿನ ದವಡೆಗೆ ಸಿಕ್ಕಿ ಪಾರಾದಳು. ಮರುವರ್ಷ ಅವನೇ ಕಠಿಣವಾದ ಜ್ವರಕ್ಕೆ ಗುರಿಯಾಗಿ ಬದುಕಿ ಉಳಿದನು. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಮೇಲೆ ವಿಶ್ವವಿದ್ಯಾನಿಲಯಗಳಲ್ಲಿ ರಾಜಕೀಯದ ಕಲಹ ಹೆಚ್ಚಿತು. ಅದರಿಂದ ಬೇಸತ್ತ ಮೆಚ್ನಿಕಾಫನು 1882ರಲ್ಲಿ ತನ್ನ ಹುದ್ದೆಗೆ ರಾಜೀನಾಮೆಯಿತ್ತು, ಮಡದಿಯನ್ನೂ ಆಕೆಯ ಒಡಹುಟ್ಟಿದವರನ್ನೂ ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಮೆಸ್ಸಿನಾ ಪಟ್ಟಣಕ್ಕೆ ಹೊರಟನು.

ಮೆಸ್ಸಿನಾದ ಕಡಲು ಪ್ರಾಣಿಶಾಸ್ತ್ರಜ್ಞನಿಗೆ ಒಂದು ಭಂಡಾರವೇ ಸರಿ. ಮನೆಯ ನಡುಕೋಣೆಯೇ ಅವನ ಪ್ರಯೋಗಶಾಲೆಯಾಯಿತು. 1882ರ ಕೊನೆಯ ದಿನಗಳವು. ಒಂದು ದಿನ ಮನೆಮಂದಿಯೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಮರಿಯನ್ನು ಪರೀಕ್ಷಿಸುತ್ತಿದ್ದನು. ಆ ಮರಿಯ ದೇಹ ಗಾಜಿನಂತೆ ಪಾರದರ್ಶಕ. ಅದರೊಳಗೆ ಕೆಲವು ಜೀವಕೋಶಗಳು ಯಾವ ಅಂಗಕ್ಕೂ ಅಂಟಿಕೊಳ್ಳದೆ ಅತ್ತಿಂದಿತ್ತ ತಿರುಗಾಡುತ್ತಿದ್ದವು. ಅವನ್ನು ನೋಡುತ್ತಿದ್ದಂತೆ ಮಿಂಚಿನಂತಹ ಒಂದು ಯೋಚನೆ ಅವನಿಗೆ ಹೊಳೆಯಿತು. ಹುಳುವಿನಲ್ಲಿ ಆಹಾರವನ್ನು ನುಂಗುವ ಇಂತಹ ಕೋಶಗಳೇ ದೇಹದೊಳಕ್ಕೆ ಬಂದ ಶತ್ರುವನ್ನೂ ಏಕೆ ನುಂಗಬಾರದು? ತಿರುಗಾಡುವ ಈ ಕೋಶಗಳು ದೇಹದ ರಕ್ಷಣೆಗಾಗಿ ಇರುವ ಪಡೆಯೇ ಏಕಾಗಿರಬಾರದು? ಹಾಗಿದ್ದ ಪಕ್ಷದಲ್ಲಿ, ಮರಿಯ ಮೈಗೆ ಮುಳ್ಳೊಂದನ್ನು ಚುಚ್ಚಿದರೆ ಈ ಕೋಶಗಳು ಅದರ ಸುತ್ತ ಬಂದು ಮುತ್ತಬೇಕು.

ಮೆಚ್ನಿಕಾಫನು ಕುಳಿತಲ್ಲಿ ಕುಳಿತಿರಲಾರದೆ ಕೋಣೆಯೊಳಗೆ ಅಡ್ಡಾಡಿದನು. ಕಡಲ ತೀರಕ್ಕೆ ಹೋಗಿ ಮನಸ್ಸನ್ನು ಹಿಡಿತಕ್ಕೆ ತಂದುಕೊಂಡನು. ಮನೆಯ ಕೈದೋಟದಲ್ಲಿ ಗುಲಾಬಿಯ ಗಿಡಗಳಿದ್ದವು. ಅವುಗಳಿಂದ ಸಣ್ಣ ಮುಳ್ಳುಗಳನ್ನು ಕಿತ್ತು ತಂದು, ನೀರಿನಂತೆ ತಿಳಿಯಾದ ಆ ಮರಿಗಳ ಚರ್ಮದಡಿಯಲ್ಲಿ ಚುಚ್ಚಿಟ್ಟನು. ಆ ರಾತ್ರಿ ಅವನಿಗೆ ನಿದ್ರೆ ಹತ್ತಲಿಲ್ಲ. ಬೆಳಗಾಗುತ್ತಲೇ ಎದ್ದು ನೋಡುತ್ತಾನೆ: ಪ್ರತಿಯೊಂದು ಮುಳ್ಳಿನ ಸುತ್ತಲೂ ಆ ಅಲೆಮಾರಿ ಕೋಶಗಳು ಒತ್ತೊತ್ತಾಗಿ ಮುತ್ತಿಕೊಂಡಿದ್ದವು. ಊಹೆ ನಿಜವಾಗಿತ್ತು. ಒಂದು ದೊಡ್ಡ ಸತ್ಯವನ್ನು ಲೋಕಕ್ಕೆ ತೋರಿದ ಆ ಪ್ರಯೋಗಕ್ಕೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ನಾಲ್ಕಾರು ಮುಳ್ಳು ಮತ್ತು ಒಂದು ರಾತ್ರಿಯ ತಾಳ್ಮೆ, ಇಷ್ಟೇ.

ಈ ಪ್ರಯೋಗದ ಮಹತ್ತ್ವವನ್ನು ತಿಳಿಯಬೇಕಾದರೆ ಅಂದಿನ ವೈದ್ಯಶಾಸ್ತ್ರದ ನಂಬಿಕೆಯೇನಿತ್ತೆಂಬುದನ್ನು ನೋಡಬೇಕು. ಗಾಯವಾದಲ್ಲಿ ಕೆಂಪು, ಕಾವು, ಊತ ಮತ್ತು ನೋವು ಕಾಣಿಸಿಕೊಳ್ಳುತ್ತವೆ. ಈ ನಾಲ್ಕು ಲಕ್ಷಣಗಳನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಲೇಖಕನು ಗುರುತಿಸಿದ್ದನು. ಇದಕ್ಕೆ ಉರಿಯೂತವೆಂದು ಹೆಸರು. ಊದಿದ ವಸಡಿನಲ್ಲಿ ಕಾಣುವುದೂ ಇದೇ. ಉರಿಯೂತವೆಂಬುದು ಕೇವಲ ರೋಗದ ಕೇಡು, ರಕ್ತನಾಳಗಳಿಗೆ ಒದಗಿದ ವಿಕಾರ, ಎಂದು ಆ ಕಾಲದ ವಿದ್ವಾಂಸರು ತಿಳಿದಿದ್ದರು. ಕೀವಿನಲ್ಲಿರುವ ಬಿಳಿಯ ಕಣಗಳ ಒಳಗೆ ಸೂಕ್ಷ್ಮಜೀವಿಗಳಿರುವುದನ್ನು ಅವರೂ ಕಂಡಿದ್ದರು. ಆದರೆ ರೋಗಾಣುಗಳು ಆ ಕಣಗಳನ್ನೇ ವಾಹನ ಮಾಡಿಕೊಂಡು ದೇಹದಲ್ಲೆಲ್ಲ ಸಂಚರಿಸುತ್ತವೆಂದು ಬಹುಮಂದಿ ಭಾವಿಸಿದ್ದರು. ಪೊಲೀಸರ ನಡುವೆ ಕಳ್ಳನು ನಡೆದುಹೋಗುವುದನ್ನು ಕಂಡು ಅವರೇ ಅವನನ್ನು ಮೆರೆಸುತ್ತಿದ್ದಾರೆಂದು ತಿಳಿದಂತೆ ಇದು! ನಕ್ಷತ್ರಮೀನಿನ ಮರಿಗೆ ರಕ್ತನಾಳಗಳೇ ಇಲ್ಲ. ಆದರೂ ಅದರ ಕೋಶಗಳು ಮುಳ್ಳನ್ನು ಮುತ್ತಿದವು. ಎಂದಮೇಲೆ ಉರಿಯೂತದ ಮೂಲ ಈ ಕೋಶಗಳ ಚಟುವಟಿಕೆಯಲ್ಲಿದೆ. ಅದು ಜೀವಿಯು ತನ್ನನ್ನು ರಕ್ಷಿಸಿಕೊಳ್ಳುವ ಪ್ರಯತ್ನ. ಇದು ಮೆಚ್ನಿಕಾಫನ ನಿರ್ಣಯವಾಯಿತು.

1883ರಲ್ಲಿ ಜರ್ಮನಿಯ ಪ್ರಖ್ಯಾತ ವೈದ್ಯವಿಜ್ಞಾನಿ ವಿರ್ಷೋ ಮೆಸ್ಸಿನಾಕ್ಕೆ ಬಂದಿದ್ದಾಗ ಈ ಪ್ರಯೋಗಗಳನ್ನು ನೋಡಿ ಮೆಚ್ಚಿದನು. ಆದರೆ ವಿದ್ವಾಂಸರ ಮತ ಇದಕ್ಕೆ ವಿರುದ್ಧವಾಗಿರುವುದರಿಂದ ಎಚ್ಚರಿಕೆಯಿಂದ ನಡೆಯುವಂತೆ ಸಲಹೆಯಿತ್ತನು. ನುಂಗುವ ಈ ಕೋಶಗಳಿಗೆ ಗ್ರೀಕ್ ಭಾಷೆಯಿಂದ ಫ್ಯಾಗೊಸೈಟ್ ಎಂಬ ಹೆಸರು ಬಂದಿತು. ಕನ್ನಡದಲ್ಲಿ ಭಕ್ಷಕ ಕೋಶವೆನ್ನಬಹುದು. ಇವುಗಳಲ್ಲಿ ಸಣ್ಣವು ಮತ್ತು ದೊಡ್ಡವು ಎಂಬ ಎರಡು ಬಗೆಗಳನ್ನು ಮೆಚ್ನಿಕಾಫನು ಗುರುತಿಸಿದನು. ಸಣ್ಣವನ್ನು ಇಂದು ನ್ಯೂಟ್ರೊಫಿಲ್ ಎಂದು ಕರೆಯುತ್ತೇವೆ. ದೊಡ್ಡವಕ್ಕೆ ಅವನಿಟ್ಟ ಮ್ಯಾಕ್ರೊಫೇಜ್ ಎಂಬ ಹೆಸರೇ ಇಂದಿಗೂ ನಿಂತಿದೆ. ಮುಂದೆ ಅವನು ಡ್ಯಾಫ್ನಿಯಾ ಎಂಬ ಸಿಹಿನೀರಿನ ಸಣ್ಣ ಜೀವಿಯನ್ನು ಕೈಗೆತ್ತಿಕೊಂಡನು. ಅದನ್ನು ಕಾಡುವ ಒಂದು ಬೂಷ್ಟಿನ ಬೀಜಕಗಳು ಸೂಜಿಯಂತೆ ಚೂಪಾಗಿರುತ್ತವೆ. ಅವು ಡ್ಯಾಫ್ನಿಯಾದ ಕರುಳನ್ನು ತೂರಿಕೊಂಡು ಒಳಬಂದೊಡನೆ ಭಕ್ಷಕ ಕೋಶಗಳು ಅವನ್ನು ಮುತ್ತಿ ನುಂಗುತ್ತಿದ್ದವು. ನುಂಗಿ ಮುಗಿಸಿದರೆ ಡ್ಯಾಫ್ನಿಯಾ ಬದುಕುತ್ತಿತ್ತು. ಬೀಜಕಗಳ ಕೈ ಮೇಲಾದರೆ ಸಾಯುತ್ತಿತ್ತು. ರೋಗವೆಂಬುದು ಎರಡು ಜೀವಿಗಳ ನಡುವಣ ಹೋರಾಟವೆಂಬುದನ್ನು ಅವನು 1884ರಲ್ಲಿ ಹೀಗೆ ಕಣ್ಣಾರೆ ತೋರಿಸಿದನು.

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ನೀಡುವ ಸಂಸ್ಥೆಯೊಂದು ಆರಂಭವಾಯಿತು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ಹಾಕಿಕೊಟ್ಟ ದಾರಿಯಲ್ಲಿ ನಡೆದ ಸಂಸ್ಥೆಯದು. ಮೆಚ್ನಿಕಾಫನು ಅದರ ನಿರ್ದೇಶಕನಾದನು. ಆದರೆ ವೈದ್ಯ ಪದವಿಯಿಲ್ಲದವನೆಂದು ಸ್ಥಳೀಯ ವೈದ್ಯರು ಅವನನ್ನು ಹಳಿದರು. ಕುರಿಗಳಿಗೆ ಹಾಕಿದ ನೆರಡಿ ರೋಗದ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತಾಗ ನಿಂದೆ ಇನ್ನೂ ಹೆಚ್ಚಿತು. ಶಾಂತವಾಗಿ ಕೆಲಸ ಮಾಡಲು ಒಂದು ಮೂಲೆ ದೊರೆತರೆ ಸಾಕೆಂದು ಅವನು ಪಾಶ್ಚರನನ್ನು ಕಂಡನು. ಮುದಿ ವಯಸ್ಸಿನ ಪಾಶ್ಚರನು ಈ ಪರದೇಶಿಯ ವಿಚಾರಕ್ಕೆ ಮಾರುಹೋಗಿ ತನ್ನ ಸಂಸ್ಥೆಯಲ್ಲಿ ಅವನಿಗೊಂದು ಪ್ರಯೋಗಶಾಲೆಯನ್ನೇ ಒದಗಿಸಿದನು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದ ಮೆಚ್ನಿಕಾಫನು ತನ್ನ ಉಳಿದ ಇಪ್ಪತ್ತೆಂಟು ವರ್ಷಗಳನ್ನು ಅಲ್ಲಿಯೇ ಕಳೆದನು.

ಪ್ಯಾರಿಸ್ಸಿನಲ್ಲಿ ಆಶ್ರಯ ದೊರೆತರೂ ವಿರೋಧ ಅಡಗಲಿಲ್ಲ. 1890ರಲ್ಲಿ ಬರ್ಲಿನ್ನಿನಲ್ಲಿ ಬೆರಿಂಗ್ ಮತ್ತು ಜಪಾನಿನ ಕಿತಾಸಾಟೊ ಎಂಬವರು ರಕ್ತದ ದ್ರವಭಾಗದಲ್ಲಿ ರೋಗದ ವಿಷವನ್ನು ಮುರಿಯುವ ಪದಾರ್ಥಗಳಿರುವುದನ್ನು ತೋರಿಸಿದರು. ರಕ್ಷಣೆಯೆಲ್ಲ ಈ ದ್ರವದ್ದೇ, ಕೋಶಗಳು ಕೇವಲ ಕಸ ಬಳಿಯುವ ಜಾಡಮಾಲಿಗಳು ಎಂದು ಜರ್ಮನಿಯ ವಿದ್ವಾಂಸರು ಸಾರಿದರು. ಮೆಚ್ನಿಕಾಫನು ಸೋಲೊಪ್ಪುವವನಲ್ಲ. ಸಭೆಗಳಲ್ಲಿ ಕೂದಲು ಕೆದರಿಕೊಂಡು, ಮುಖ ಕೆಂಪಾಗಿಸಿಕೊಂಡು ವಾದಿಸುವನು. ಹಿಂದಿರುಗಿ ಬಂದು, ಎದುರಾಳಿಯ ಆಕ್ಷೇಪಣೆಗೆ ಉತ್ತರವಾಗಿ ಹೊಸ ಪ್ರಯೋಗಗಳನ್ನು ನಡೆಸುವನು. ಉರಿಯೂತದ ಬಗ್ಗೆ ಅವನು ಮಾಡಿದ ಉಪನ್ಯಾಸಗಳು 1892ರಲ್ಲಿಯೂ, ರೋಗನಿರೋಧವನ್ನು ಕುರಿತ ಹಿರಿಯ ಗ್ರಂಥ 1901ರಲ್ಲಿಯೂ ಪ್ರಕಟವಾದವು. ಕೊನೆಗೆ ಲಂಡನ್ನಿನ ಆಲ್ಮ್ರೋತ್ ರೈಟ್ ಎಂಬ ವೈದ್ಯನು 1903ರಲ್ಲಿ ಎರಡು ಪಕ್ಷಗಳಿಗೂ ಸಂಧಾನವಾಗುವಂತಹ ಸಂಗತಿಯನ್ನು ಕಂಡುಹಿಡಿದನು. ರಕ್ತದ ದ್ರವದಲ್ಲಿರುವ ಕೆಲವು ಪದಾರ್ಥಗಳು ರೋಗಾಣುವಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಮೇಲೆ ಭಕ್ಷಕ ಕೋಶಗಳು ಅದನ್ನು ಸುಲಭವಾಗಿ ನುಂಗುತ್ತವೆ. ಒಣ ಅನ್ನ ಗಂಟಲಲ್ಲಿ ಇಳಿಯದಿದ್ದಾಗ ಸಾರು ಬೆರೆಸಿದಂತೆ ಇದು. ದ್ರವವೂ ಬೇಕು, ಕೋಶವೂ ಬೇಕು. 1908ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕಾಫನಿಗೂ ದ್ರವಪಕ್ಷದ ಪ್ರಮುಖನಾದ ಜರ್ಮನಿಯ ಪಾಲ್ ಎರ್ಲಿಕ್‌ನಿಗೂ ಹಂಚಿ ಕೊಟ್ಟದ್ದು ಅತ್ಯಂತ ಉಚಿತವಾಗಿತ್ತು.

ಮೆಚ್ನಿಕಾಫನ ಶಿಷ್ಯನೊಬ್ಬನಿಗೆ ಭಾರತವು ಋಣಿಯಾಗಿದೆ. ಒಡೆಸ್ಸಾದಲ್ಲಿ ಅವನ ವಿದ್ಯಾರ್ಥಿಯಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಗುರುವನ್ನು ಹಿಂಬಾಲಿಸಿ ಪಾಶ್ಚರ್ ಸಂಸ್ಥೆಗೆ ಬಂದನು. ಅಲ್ಲಿ 1892ರಲ್ಲಿ ಕಾಲರಾ ಬೇನೆಗೆ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಮರುವರ್ಷ ಕಲ್ಕತ್ತೆಗೆ ಬಂದು ಜನರಿಗೆ ಅದನ್ನು ಹಾಕಿದನು. ಬೊಂಬಾಯಿಯಲ್ಲಿ ಪ್ಲೇಗ್ ಮಾರಿ ಹಬ್ಬಿದಾಗ 1897ರಲ್ಲಿ ಅದಕ್ಕೂ ಲಸಿಕೆ ತಯಾರಿಸಿದನು. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಹೊಕ್ಕಾಗ ಅಲ್ಲಿಯ ಜನ ದೊಡ್ಡ ಸಂಖ್ಯೆಯಲ್ಲಿ ಹಾಕಿಸಿಕೊಂಡದ್ದು ಈ ಲಸಿಕೆಯನ್ನೇ.

ವಯಸ್ಸಾದಂತೆ ಮೆಚ್ನಿಕಾಫನ ಗಮನ ಮುಪ್ಪಿನ ಕಡೆಗೆ ತಿರುಗಿತು. ಯೌವನದಲ್ಲಿ ಬದುಕನ್ನು ಬೇಡವೆಂದವನು ಈಗ ಬದುಕಿನ ದೊಡ್ಡ ಭಕ್ತನಾಗಿದ್ದನು! ಕರುಳಿನಲ್ಲಿ ಕೊಳೆಯುವ ಪದಾರ್ಥಗಳ ನಂಜಿನಿಂದ ಮುಪ್ಪು ಬೇಗ ಬರುತ್ತದೆಂದೂ, ಹುಳಿಹಾಲಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಡೆಯುತ್ತವೆಂದೂ ಅವನು ನಂಬಿದ್ದನು. ಬಲ್ಗೇರಿಯಾದ ರೈತರು ಮೊಸರನ್ನು ಉಂಡು ಬಹುಕಾಲ ಬಾಳುತ್ತಾರೆಂದು ಕೇಳಿ, ತಾನೂ ನಿತ್ಯ ಅದನ್ನು ಸೇವಿಸತೊಡಗಿದನು. ನಮ್ಮ ಮನೆಗಳಲ್ಲಿ ಮೊಸರನ್ನ ಮಜ್ಜಿಗೆಗಳಿಗೆ ವಿಜ್ಞಾನಿಯ ಸಾಕ್ಷಿ ಬೇಕಿರಲಿಲ್ಲ. ಆದರೆ ಯುರೋಪಿನ ಪಟ್ಟಣಗಳಲ್ಲಿ ಅವನಿಂದಾಗಿ ಮೊಸರಿಗೆ ದೊಡ್ಡ ಬೇಡಿಕೆ ಬಂದಿತು. ಮುಪ್ಪನ್ನು ಕುರಿತ ಅವನ ಎಲ್ಲ ಊಹೆಗಳೂ ನಿಲ್ಲಲಿಲ್ಲ. ಮುದಿತನದಲ್ಲಿ ಭಕ್ಷಕ ಕೋಶಗಳು ತಮ್ಮ ಒಡಲಿನ ಮೇಲೆಯೇ ತಿರುಗಿಬೀಳುತ್ತವೆ, ಕೂದಲಿನ ಬಣ್ಣವನ್ನು ತಿಂದು ನರೆ ತರುವುವೂ ಅವೇ ಎಂದು ಅವನು ಹೇಳಿದ್ದನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಕಾಯುವ ಕೋಶವೇ ಕೆಲವೊಮ್ಮೆ ಕೇಡನ್ನೂ ಮಾಡೀತೆಂಬ ಮೂಲ ವಿಚಾರದಲ್ಲಿ ಹುರುಳಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಕಿರಿಯ ಸಂಶೋಧಕರೆಲ್ಲ ರಣರಂಗಕ್ಕೆ ಹೊರಟುಹೋದರು, ಪ್ರಯೋಗಶಾಲೆಗಳು ಬರಿದಾದವು. ರೋಗಗಳೊಡನೆ ಹೋರಾಡಬೇಕಾದ ಮನುಷ್ಯರು ತಮ್ಮತಮ್ಮೊಳಗೆ ಕಾದಾಡುವುದನ್ನು ಕಂಡು ವೃದ್ಧನ ಹೃದಯ ನೊಂದಿತು. ಹೃದ್ರೋಗ ಹೆಚ್ಚಿದಾಗಲೂ ಅವನು ತನ್ನ ಬೇನೆಯ ಲಕ್ಷಣಗಳನ್ನು ತಾನೇ ಗಮನಿಸಿ ಗುರುತುಹಾಕಿಕೊಳ್ಳುತ್ತಿದ್ದನು. ತನ್ನ ದೇಹವನ್ನು ಮರಣಾನಂತರ ಪರೀಕ್ಷಿಸುವಂತೆ ಸಹೋದ್ಯೋಗಿಗೆ ಹೇಳಿಟ್ಟನು. 1916ರ ಜುಲೈ 15ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನು ಕಣ್ಮುಚ್ಚಿದನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು.

ಮೆಚ್ನಿಕಾಫನು ದಂತವೈದ್ಯನಾಗಿರಲಿಲ್ಲ. ಆದರೆ ಅವನು ನಕ್ಷತ್ರಮೀನಿನಲ್ಲಿ ಕಂಡ ದೃಶ್ಯ ಪ್ರತಿಯೊಬ್ಬರ ಬಾಯಿಯಲ್ಲಿಯೂ ದಿನದಿನವೂ ನಡೆಯುತ್ತಿದೆ. ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳು ಕೂಡಿ ತೆಳುವಾದ ಪಾಚಿ ಕಟ್ಟುತ್ತದೆ. ಆ ಸುದ್ದಿಯನ್ನು ಹೊತ್ತ ರಾಸಾಯನಿಕ ಪದಾರ್ಥಗಳು ವಸಡಿನ ರಕ್ತನಾಳಗಳನ್ನು ಮುಟ್ಟುತ್ತವೆ. ನಾಳಗಳು ಹಿಗ್ಗುತ್ತವೆ, ಆದುದರಿಂದಲೇ ವಸಡು ಕೆಂಪಾಗುತ್ತದೆ. ನ್ಯೂಟ್ರೊಫಿಲ್‌ಗಳು ನಾಳದ ಗೋಡೆಗೆ ಅಂಟಿ, ಅದರ ಸಂದಿನಲ್ಲಿ ನುಸುಳಿ, ಪಾಚಿಗೂ ವಸಡಿಗೂ ನಡುವೆ ಕೋಟೆಗೋಡೆಯಂತೆ ನಿಲ್ಲುತ್ತವೆ. ಕೆಲವು ರೋಗಾಣುಗಳನ್ನು ನುಂಗುತ್ತವೆ. ಕೆಲವು ಕೊಲ್ಲುವ ರಸಗಳನ್ನು ಹೊರಚೆಲ್ಲುತ್ತವೆ. ಇನ್ನು ಕೆಲವು ತಮ್ಮ ಒಡಲಿನ ಎಳೆಗಳನ್ನೇ ಬಲೆಯಾಗಿ ಬೀಸಿ ಶತ್ರುವನ್ನು ಹಿಡಿಯುತ್ತವೆಂಬುದು 2004ರಲ್ಲಿ ತಿಳಿದುಬಂದಿತು. ಸತ್ತ ನ್ಯೂಟ್ರೊಫಿಲ್‌ಗಳನ್ನು ಮ್ಯಾಕ್ರೊಫೇಜ್‌ಗಳು ತೆಗೆದುಹಾಕುತ್ತವೆ. ಪಾಚಿ ಹೋದರೆ ಕಾಳಗ ನಿಂತು ವಸಡು ಮೊದಲಿನಂತಾಗುತ್ತದೆ.

ಪಾಚಿ ಹೋಗದಿದ್ದರೇನು? ಆಗ ಪಡೆಯ ಮೇಲೆ ಪಡೆ ಬರುತ್ತಲೇ ಇರುತ್ತದೆ. ರೋಗಾಣುವನ್ನು ಕೊಲ್ಲಲೆಂದು ಚೆಲ್ಲಿದ ರಸಗಳು ವಸಡಿನ ನಾರುಗಳನ್ನೂ ಕರಗಿಸುತ್ತವೆ. ರಕ್ಷಕ ಕೋಶಗಳು ಹೊರಡಿಸುವ ಸಂಕೇತಗಳು ಎಲುಬನ್ನು ಸವೆಸುವ ಕೋಶಗಳನ್ನು ಎಬ್ಬಿಸುತ್ತವೆ. ಹಲ್ಲನ್ನು ಹಿಡಿದಿರುವ ಎಲುಬು ಕರಗಿ, ವಸಡು ಸರಿದು, ಹಲ್ಲು ಅಲುಗಾಡಿ ಕೊನೆಗೆ ಬೀಳುತ್ತದೆ. ಕಳ್ಳರನ್ನು ಹಿಡಿಯಲು ಬಂದ ದಂಡು ಊರಲ್ಲಿಯೇ ಬೀಡುಬಿಟ್ಟು ಊರನ್ನು ಹಾಳುಗೆಡಹಿದಂತೆ ಇದು. ಹಾಗೆಂದು ದಂಡೇ ಬೇಡವೆನ್ನುವಂತಿಲ್ಲ. ರಕ್ತನಾಳದಿಂದ ನ್ಯೂಟ್ರೊಫಿಲ್‌ಗಳು ಹೊರಬರಲಾರದಂತಹ ಅಪರೂಪದ ಹುಟ್ಟುಬೇನೆಯಿರುವ ಮಕ್ಕಳಿದ್ದಾರೆ. ಅವರ ವಸಡು ಎಳವೆಯಲ್ಲಿಯೇ ತೀವ್ರವಾಗಿ ಕೆಡುತ್ತದೆ. ಅಮೆರಿಕದ ಸಂಶೋಧಕರು 2014ರಲ್ಲಿ ಇದಕ್ಕೆ ಒಂದು ಕಾರಣವನ್ನು ತೋರಿಸಿದರು. ಬಂದ ನ್ಯೂಟ್ರೊಫಿಲ್‌ಗಳು ಕೆಲಸ ಮುಗಿಸಿ ಸತ್ತಾಗ, ಇನ್ನು ಸಾಕೆಂಬ ಸಂಕೇತ ಹೊರಡುತ್ತದೆ. ಅವು ಬಾರದೆ ಇದ್ದಲ್ಲಿ ಆ ಸಂಕೇತವೂ ಇಲ್ಲ. ಉರಿಯೂತ ತಡೆಯಿಲ್ಲದೆ ಉರಿಯುತ್ತದೆ. ಕಾವಲುಗಾರನು ಇರಬೇಕು, ಸರಿಯಾದ ಹೊತ್ತಿಗೆ ಬರಬೇಕು, ಕೆಲಸವಾದ ಮೇಲೆ ಹಿಂದೆ ಸರಿಯಬೇಕು. ಆರೋಗ್ಯವೆಂಬುದು ಈ ಹದದಲ್ಲಿದೆ.

ಈ ಹದವನ್ನು ಕಾಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. 1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಆರೋಗ್ಯವಂತರಾದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಹಲ್ಲುಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮರಳಿ ಸ್ವಸ್ಥವಾಯಿತು. ಊದಿದ ವಸಡು ಹೀಗೆ ಗುಣವಾಗುತ್ತದೆ. ಆದರೆ ಒಮ್ಮೆ ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ತಂಬಾಕಿನ ಚಟ ಮತ್ತು ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಈ ಕೇಡನ್ನು ಹೆಚ್ಚಿಸುತ್ತವೆ. ವಸಡಿನಲ್ಲಿ ರಕ್ತ ಕಂಡಾಗ ಹಲ್ಲುಜ್ಜುವುದನ್ನು ಬಿಡುವವರಿದ್ದಾರೆ, ಅದು ತಪ್ಪು. ರಕ್ತವು ಕಾವಲುಗಾರರ ಕೂಗು. ಮೃದುವಾಗಿ, ಶ್ರದ್ಧೆಯಿಂದ ಹಲ್ಲುಜ್ಜಿ ಪಾಚಿಯನ್ನು ತೆಗೆಯುವುದೂ, ಗಾರೆಯಂತೆ ಗಟ್ಟಿಯಾದುದನ್ನು ದಂತವೈದ್ಯರಿಂದ ತೆಗೆಸುವುದೂ ಆ ಕೂಗಿಗೆ ನಾವು ಕೊಡಬೇಕಾದ ಉತ್ತರ.

ಬದುಕೇ ಬೇಡವೆಂದು ಕುಳಿತಿದ್ದ ಮನುಷ್ಯನೊಬ್ಬನು ದೀಪದ ಹುಳುವನ್ನು ಕಂಡು ಎದ್ದು ನಿಂತನು. ಹತ್ತು ವರ್ಷಗಳ ತರುವಾಯ ಗುಲಾಬಿಯ ಮುಳ್ಳೊಂದರಿಂದ ಜೀವಲೋಕದ ರಹಸ್ಯವನ್ನು ತೆರೆದನು. ನಮ್ಮ ಅರಿವಿಗೆ ಬಾರದೆ, ನಮ್ಮ ಅಪ್ಪಣೆಗೆ ಕಾಯದೆ, ಪ್ರತಿಕ್ಷಣವೂ ನಮಗಾಗಿ ಸಾಯುತ್ತಿರುವ ಕೋಟಿಕೋಟಿ ಕಣಗಳು ನಮ್ಮೊಳಗಿವೆಯೆಂದು ಅವನು ತೋರಿಸಿಕೊಟ್ಟನು. ಅವುಗಳ ಭಾರವನ್ನು ದಿನಕ್ಕೆ ಎರಡು ಬಾರಿಯಾದರೂ ಹಗುರ ಮಾಡುವುದು ಮೆಚ್ನಿಕಾಫನ ನೆನಪಿಗೆ ನಾವು ಸಲ್ಲಿಸಬಹುದಾದ ಸಣ್ಣ ಗೌರವ.